ಸಹಾಯ ಬೇಕು: ಲೈಡನ್ ಗ್ರಂಥಾಲಯದ ‘ಹೊರ್ಟಸ್ ಮಲಬಾರಿಕಸ್’ ಚಿತ್ರಗಳ ಕುರಿತು

ಎಲ್ಲರಿಗೂ ನಮಸ್ಕಾರ. ಕರಾವಳಿಯ ಗಿಡಮರಗಳ ಹಳೆಯ ಹೆಸರುಗಳನ್ನು ಕುರಿತ ಸಣ್ಣ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದು, ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ, ಮಲಬಾರಿನ ಸಸ್ಯಗಳನ್ನು ಚಿತ್ರಸಹಿತ ವಿವರಿಸುವ ಲ್ಯಾಟಿನ್ ಗ್ರಂಥ ‘ಹೊರ್ಟಸ್ ಮಲಬಾರಿಕಸ್’ನ ಸಂಪುಟಗಳನ್ನು ಬಲ್ಲವರ ನೆರವು ಕೋರುತ್ತಿದ್ದೇನೆ.

ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡೆ ಮಾಡಿಸಿದ ಈ ಕೃತಿಯು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್ ಅವರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಇದಕ್ಕೆ ಮಾಹಿತಿ ಒದಗಿಸಿದ್ದರು. ನಮ್ಮ ಕರಾವಳಿಗೂ ಈ ಗ್ರಂಥಕ್ಕೂ ಇರುವ ನಂಟು ನನಗೆ ಮುಖ್ಯವಾಗಿ ಕಾಣುವುದು ಇಲ್ಲಿಯೇ. ಮೊದಲ ಸಂಪುಟದ ಆರಂಭದಲ್ಲಿರುವ ತೆಂಗಿನ ಚಿತ್ರವನ್ನೇ ನೋಡಿ: ಮರದ ಹೆಸರನ್ನು ರೋಮನ್ ಲಿಪಿಯಲ್ಲಷ್ಟೇ ಅಲ್ಲದೆ ಮಲಯಾಳಂ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿಯೂ ತಾಮ್ರಫಲಕದ ಮೇಲೆ ಕೊರೆಯಲಾಗಿದೆ. ಆ ಲಿಪಿಗಳ ಪರಿಚಯವಿಲ್ಲದ ಕೆತ್ತನೆಗಾರ ಕೊರೆದದ್ದೋ ಏನೋ, ಕೆಲವು ನಾಗರಿ ಅಕ್ಷರಗಳನ್ನು ಬಿಡಿಸಿ ಓದುವುದು ಬಹಳ ಕಷ್ಟ.

ಆದ್ದರಿಂದ, ಹಳೆಯ ನಾಗರಿ ಬರಹವನ್ನು ಓದಬಲ್ಲ ಹಾಗೂ ಕೊಂಕಣಿಯ ಸಸ್ಯನಾಮಗಳನ್ನು ತುಳು, ಕನ್ನಡದ ಹೆಸರುಗಳೊಂದಿಗೆ ತಾಳೆ ನೋಡಬಲ್ಲ ಹಿರಿಯರು ಯಾರಾದರೂ ಪರಿಚಯವಿದ್ದಲ್ಲಿ ದಯವಿಟ್ಟು ತಿಳಿಸಿ. ಲೈಡನ್‌ನಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡಿಗರಿದ್ದರೆ, ಅಲ್ಲಿನ ವಿಶೇಷ ಸಂಗ್ರಹದಿಂದ ಮುದ್ರಣಕ್ಕೆ ಯೋಗ್ಯವಾದ ಪ್ರತಿಗಳನ್ನು ಪಡೆಯುವ ಕ್ರಮ, ಶುಲ್ಕ ಮತ್ತು ಅನುಮತಿಯ ವಿವರಗಳನ್ನು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. 2014ರಲ್ಲಿ ಅದೇ ಗ್ರಂಥಾಲಯಕ್ಕೆ ಸೇರಿದ ಕೆಐಟಿಎಲ್‌ವಿ (ಆಗ್ನೇಯ ಏಷ್ಯಾ ಮತ್ತು ಕೆರಿಬಿಯನ್ ಅಧ್ಯಯನದ ಡಚ್ ಸಂಸ್ಥೆ) ಸಂಗ್ರಹದ ವಸಾಹತುಕಾಲದ ಚಿತ್ರಗಳು ಬಹುಪಾಲು ಇಂಡೋನೇಷ್ಯಾದವು. ಅವುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯ ಚಿತ್ರಗಳನ್ನು ಕಂಡವರಿದ್ದರೆ ಅದನ್ನೂ ಇಲ್ಲಿಯೇ ಬರೆಯಿರಿ.