ಸಹಾಯ ಬೇಕು: ನುಡಿ ಫಾಂಟಿನ ನೋಟ್ಸ್‌ಗೆ ಆಡಿಯೊ ಹಾಕೋದು ಹೇಗೆ?

ಪದವಿ ತರಗತಿಗೆ ಇತಿಹಾಸ ಪಾಠ ಮಾಡುತ್ತೇನೆ, ನೋಟ್ಸ್ ಎಲ್ಲ ಮೂಡಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿದೆ. ಈ ಸಲ ಕಣ್ಣು ಕಾಣದ ಹುಡುಗನೊಬ್ಬ ಸೇರಿದ್ದಾನೆ. ಅವನ ಫೋನಿನ ಟಾಕ್‌ಬ್ಯಾಕ್ (ತೆರೆಯ ಮೇಲಿನದನ್ನು ಓದಿ ಹೇಳುವ ಸೌಲಭ್ಯ) ನನ್ನ ಪಿಡಿಎಫ್ ತೆರೆದರೆ ಕನ್ನಡ ಬಿಟ್ಟು ಏನೇನೋ ಇಂಗ್ಲಿಷ್ ಅಕ್ಷರ ಬಡಬಡಿಸುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಈಗಿನ ಫೋನು, ಕಂಪ್ಯೂಟರುಗಳು ಕನ್ನಡ ಅಂತ ಗುರುತಿಸುವ ಯೂನಿಕೋಡ್ ಅಲ್ಲ, ಅದೇ ಎಡವಟ್ಟು. ಕನ್ವರ್ಟರಿಗೆ ಹಾಕಿ ನೋಡಿದೆ, ಅರ್ಕಾವತ್ತು ಇರುವ ಪದಗಳೆಲ್ಲ ಕೆಟ್ಟವು. 'ಕರ್ನಾಟಕ'ವೇ ಸರಿ ಬರಲಿಲ್ಲ ನೋಡಿ! ಕೊನೆಗೆ ನಾನೇ ಓದಿ ರೆಕಾರ್ಡ್ ಮಾಡಿದೆ, 40 ನಿಮಿಷದ ಒಂದೇ ಎಂಪಿ3. "ಸರ್, ಹಲ್ಮಿಡಿ ಶಾಸನದ ಭಾಗಕ್ಕೆ ಸೀದಾ ಹೋಗೋದು ಹೇಗೆ?" ಅಂದ. ನಾನು ಸುಮ್ನಾದೆ.

ಒಂದೊಂದು ತಲೆಬರಹಕ್ಕೂ ಬೇರೆ ಬೇರೆ ಆಡಿಯೊ ತುಂಡು ಹಾಕಿದರೆ ಸಾಕಾ, ಇಲ್ಲಾ ಅಕ್ಷರ, ದನಿ ಎರಡೂ ಜೊತೆಗೆ ಸಾಗುವ ಇಪಬ್ 3 ಇ-ಪುಸ್ತಕ ಮಾಡಬೇಕಾ? ಕನ್ನಡದಲ್ಲಿ ಮಾಡಿದವರಿದ್ದರೆ ಯಾವ ಸಾಫ್ಟ್‌ವೇರ್ ಬಳಸಿದಿರಿ ಹೇಳಿ.