ಗಡಿಯಾರ ದುರಸ್ತಿಯ ಜಾಲತಾಣಕ್ಕೆ ಯಾವ ಹೆಸರು? ಯಾರ ಖಾತೆಯಲ್ಲಿ ನೋಂದಣಿ?

ಪ್ರಶ್ನೆ

ನಮಸ್ಕಾರ. ನಮ್ಮ ತಂದೆ ಮೂವತ್ತು ವರ್ಷಗಳಿಂದ ಹಳೆಯ ಗೋಡೆ ಗಡಿಯಾರಗಳನ್ನು ದುರಸ್ತಿ ಮಾಡುತ್ತಿದ್ದಾರೆ. ಎಲ್ಲವೂ ಕೀಲಿ ಕೊಡುವ, ಲೋಲಕ ತೂಗುವ ಗಡಿಯಾರಗಳು. ಈಗ ನಾನೂ ಅವರ ಜೊತೆ ಕೆಲಸಕ್ಕೆ ಕುಳಿತಿದ್ದೇನೆ. ಬಂದ ಗಡಿಯಾರದ ಸ್ಥಿತಿ, ಮಾಡಿದ ಕೆಲಸ, ಬದಲಾಯಿಸಿದ ಹಲ್ಲುಚಕ್ರ ಎಲ್ಲವನ್ನೂ ಚಿತ್ರಸಹಿತ ತೋರಿಸುವ ಒಂದು ಜಾಲತಾಣ ಮಾಡಬೇಕೆಂದಿದ್ದೇವೆ. ಡೊಮೈನ್ ಹೆಸರಿನ, ಅಂದರೆ ಜಾಲತಾಣದ ವಿಳಾಸದ, ಬಳಿ ಬಂದು ನಿಂತಿದ್ದೇನೆ.

ಕಾಗದದ ಮೇಲೆ ಮೂರು ಹೆಸರು ಬರೆದಿಟ್ಟುಕೊಂಡಿದ್ದೇನೆ. ಒಂದು, 'ಗಡಿಯಾರ ದುರಸ್ತಿ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದು ಕೊನೆಗೆ ಡಾಟ್ ಕಾಮ್. ಎರಡು, 'ಲೋಲಕ' ಮತ್ತು 'ಕ್ಲಾಕ್ಸ್' ನಡುವೆ ಹೈಫನ್ ಹಾಕಿ ಡಾಟ್ ಕಾಮ್. ಮೂರು, 'ಲೋಲಕ' ಒಂದೇ ಪದ, ಕೊನೆಗೆ ಡಾಟ್ ಶಾಪ್. ಮೂರನೆಯದಕ್ಕೆ ಮೊದಲ ವರ್ಷ ಬಹಳ ಕಡಿಮೆ ಶುಲ್ಕ ತೋರಿಸುತ್ತಿದೆ.

ಇನ್ನೊಂದು ವಿಷಯ. ಜಾಲತಾಣ ಕಟ್ಟಿಕೊಡುವ ಹುಡುಗ, "ನೋಂದಣಿಯನ್ನು ನನ್ನ ಖಾತೆಯಲ್ಲೇ ಮಾಡಿಬಿಡುತ್ತೇನೆ, ನಿಮಗೆ ಆ ತಲೆನೋವು ಬೇಡ" ಎನ್ನುತ್ತಿದ್ದಾನೆ. ಒಳ್ಳೆಯ ಹುಡುಗ, ನಂಬಿಕೆಯವನು. ಒಪ್ಪಿಕೊಳ್ಳಬಹುದೇ?

ಉತ್ತರ 1

ಹೆಸರು ಆರಿಸುವ ಮೊದಲು ಅದನ್ನು ಫೋನಿನಲ್ಲಿ ಹೇಳಿ ನೋಡಿ. ಮೂರು ಜನರಿಗೆ ಕರೆ ಮಾಡಿ, ಒಮ್ಮೆ ಮಾತ್ರ ಉಚ್ಚರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಲು ಹೇಳಿ. ಬಿಡಿಸಿ ಹೇಳಬೇಡಿ. ಕನ್ನಡ ಪದಗಳಿಗೆ ಇದು ತುಂಬಾ ಮುಖ್ಯ. ನಮ್ಮ ದೀರ್ಘಕ್ಕೆ ಕೆಲವರು 'ಎ' ಒಂದು ಹಾಕುತ್ತಾರೆ, ಕೆಲವರು ಎರಡು. 'ತ'ಕಾರಕ್ಕೆ ಒಬ್ಬರು ಬರೀ 'ಟಿ' ಬರೆದರೆ ಇನ್ನೊಬ್ಬರು 'ಟಿ'ಯ ಪಕ್ಕ 'ಎಚ್' ಸೇರಿಸುತ್ತಾರೆ. 'ಗಡಿಯಾರ ದುರಸ್ತಿ'ಯಲ್ಲಿ ಈ ಎರಡೂ ತೊಡಕುಗಳಿವೆ.

ಹೈಫನ್ ಬೇಡ. ಬರೆದಾಗ ಅಂದವಾಗಿ ಕಾಣುತ್ತದೆ, ಆದರೆ ಬಾಯಲ್ಲಿ ಹೇಳುವಾಗ ಪ್ರತಿ ಸಲವೂ "ನಡುವೆ ಒಂದು ಅಡ್ಡಗೆರೆ" ಎಂದು ವಿವರಿಸಬೇಕಾಗುತ್ತದೆ. ಕೇಳಿದವರಲ್ಲಿ ಅರ್ಧದಷ್ಟು ಜನ ಅದನ್ನು ಬಿಟ್ಟೇ ಬರೆಯುತ್ತಾರೆ.

ಉತ್ತರ 2

ನಿಮ್ಮ ಎರಡನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು. ದಯವಿಟ್ಟು ಒಪ್ಪಿಕೊಳ್ಳಬೇಡಿ. ಆ ಹುಡುಗ ಎಷ್ಟೇ ಒಳ್ಳೆಯವನಿರಲಿ, ಹೆಸರು ನಿಮ್ಮ ಖಾತೆಯಲ್ಲಿ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ವಿಳಾಸದಲ್ಲಿ ಇರಲಿ. ಯಾಕೆಂದು ಹೇಳುತ್ತೇನೆ.

ನನ್ನದು ಪುಸ್ತಕ ಬೈಂಡಿಂಗ್ ಕೆಲಸ. ಕೈಹೊಲಿಗೆ ಹಾಕಿ ರಟ್ಟು ಕಟ್ಟುತ್ತೇವೆ. ನಮ್ಮ ಜಾಲತಾಣವನ್ನು ಮಾಡಿಕೊಟ್ಟವರು ಡೊಮೈನನ್ನು ತಮ್ಮ ಖಾತೆಯಲ್ಲೇ ನೋಂದಾಯಿಸಿದ್ದರು. ಆರು ವರ್ಷ ಎಲ್ಲವೂ ಸುಸೂತ್ರವಾಗಿತ್ತು. ಪ್ರತಿ ವರ್ಷ ಅವರು ಕೇಳಿದಷ್ಟು ಕೊಡುತ್ತಿದ್ದೆ, ಅವರು ನವೀಕರಿಸುತ್ತಿದ್ದರು. ಏಳನೆಯ ವರ್ಷ ಅವರು ಕೇಳಲಿಲ್ಲ. ನನಗೂ ನೆನಪಾಗಲಿಲ್ಲ.

ಜಾಲತಾಣ ನಿಂತದ್ದು ನನಗೆ ಮೊದಲು ತಿಳಿಯಲೇ ಇಲ್ಲ. ಮೊದಲು ಗೊತ್ತಾದದ್ದು ಮೌನ. ಒಂದು ವಾರವಾದರೂ ಒಂದೇ ಒಂದು ಇಮೇಲ್ ಇಲ್ಲ. ಕೊನೆಗೆ ಗ್ರಾಹಕರೊಬ್ಬರು ಕರೆ ಮಾಡಿ, "ನಿಮಗೆ ಕಳುಹಿಸಿದ ಪತ್ರ ವಾಪಸು ಬರುತ್ತಿದೆಯಲ್ಲ" ಎಂದರು. ನಮ್ಮ ಇಮೇಲ್ ಕೂಡ ಅದೇ ಡೊಮೈನಿನ ಮೇಲೆ ನಿಂತಿತ್ತು. ಬೇರು ಒಣಗಿದರೆ ಕೊಂಬೆಯೆಲ್ಲಿ ಉಳಿದೀತು? ಮಾಡಿಕೊಟ್ಟವರು ಅಷ್ಟರಲ್ಲಿ ಬೇರೆ ಉದ್ಯೋಗಕ್ಕೆ ಹೋಗಿದ್ದರು, ಫೋನ್ ನಂಬರ್ ಬದಲಾಗಿತ್ತು. ನವೀಕರಣದ ಎಚ್ಚರಿಕೆಗಳು ಅವರು ತೆರೆದು ನೋಡದ ಯಾವುದೋ ಹಳೆಯ ಇಮೇಲಿಗೆ ಹೋಗಿ ಬಿದ್ದಿದ್ದವು.

ನೋಂದಣಿ ಕಂಪನಿಗೆ ಬರೆದೆ. ಆರು ವರ್ಷ ಹಣ ಕೊಟ್ಟ ರಸೀದಿ ತೋರಿಸಿದೆ. ಅವರ ಉತ್ತರ ಸೌಜನ್ಯದಿಂದಲೇ ಇತ್ತು: ದಾಖಲೆಯಲ್ಲಿ ನೋಂದಣಿದಾರರು ಬೇರೆಯವರು, ಅವರು ಕೇಳಿದರೆ ಮಾತ್ರ ಮರಳಿಸಬಹುದು. ಅವರ ದೃಷ್ಟಿಯಿಂದ ಅದು ಸರಿಯೇ. ನಾನು ಆ ವ್ಯಕ್ತಿಯನ್ನು ಹುಡುಕುವಷ್ಟರಲ್ಲಿ ಗಡುವುಗಳೆಲ್ಲ ದಾಟಿದ್ದವು. ಬೇರೆ ಯಾರೋ ಹೆಸರನ್ನು ತೆಗೆದುಕೊಂಡರು. ಈಗ ಅಲ್ಲಿ ಜಾಹೀರಾತುಗಳಿವೆ.

ನನ್ನನ್ನು ಇಂದಿಗೂ ಕಾಡುವುದು ಒಂದು ಚೀಟಿ. ನಾವು ಕಟ್ಟಿದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ, ಕೆಳಗಿನ ಮೂಲೆಯಲ್ಲಿ, ಹೆಬ್ಬೆರಳಿನ ಅಗಲದ ಚೀಟಿ ಅಂಟಿಸುತ್ತಿದ್ದೆವು. ಅದರಲ್ಲಿ ಆ ಡೊಮೈನ್ ಅಚ್ಚಾಗಿದೆ. ಆರು ವರ್ಷಗಳ ಪುಸ್ತಕಗಳು. ಅವು ಗ್ರಂಥಾಲಯಗಳಲ್ಲಿವೆ, ಮನೆಗಳ ಕಪಾಟುಗಳಲ್ಲಿವೆ. ಜಾಲತಾಣವನ್ನು ಹೊಸ ಹೆಸರಿಗೆ ಒಂದೇ ದಿನದಲ್ಲಿ ಬದಲಾಯಿಸಿದೆ. ಆ ಚೀಟಿಗಳನ್ನು ಕೀಳಲು ಸಾಧ್ಯವಿಲ್ಲ.

ಹುಡುಗನಿಗೆ ಹೀಗೆ ಹೇಳಿ: "ಹೆಸರು ನಾನು ತೆಗೆದುಕೊಳ್ಳುತ್ತೇನೆ, ನಿಮ್ಮ ನೇಮ್‌ಸರ್ವರ್‌ಗಳನ್ನು ತಿಳಿಸಿ." ಜಾಲತಾಣ ಎಲ್ಲಿದೆ ಎಂದು ತೋರಿಸುವ ಸರ್ವರ್ ಹೆಸರುಗಳು ಅವು, ಸಾಮಾನ್ಯವಾಗಿ ಎರಡು ಸಾಲು ಕೊಡುತ್ತಾನೆ. ನಿಮ್ಮ ಖಾತೆಯಲ್ಲಿ ಅವುಗಳನ್ನು ಸೇರಿಸಿದರೆ ಸಾಕು, ಹೆಸರು ಅವನು ಕಟ್ಟಿದ ಜಾಲತಾಣದ ಕಡೆಗೆ ತಿರುಗುತ್ತದೆ. ಪಾಸ್‌ವರ್ಡ್ ಕೊಡಬೇಕಾಗಿಲ್ಲ. ನೋಂದಣಿ ಬೇರೆ, ಜಾಲತಾಣದ ಕಡತಗಳನ್ನು ಇಡುವ ಹೋಸ್ಟಿಂಗ್ ಬೇರೆ. ನಾಳೆ ಅವನು ಕೆಲಸ ಬಿಟ್ಟರೆ ಆ ಎರಡು ಸಾಲು ಬದಲಾಗುತ್ತವೆ, ಅಷ್ಟೇ.

ಖಾತೆಗೆ ಕೊಡುವ ಇಮೇಲ್ ಮಾತ್ರ ಆ ಡೊಮೈನಿನದೇ ಆಗಿರಬಾರದು. ಹೆಸರು ನಿಂತ ದಿನ ಅದೂ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಾಯಿಸುವ ಪತ್ರವೂ ನಿಮ್ಮನ್ನು ತಲುಪುವುದಿಲ್ಲ.

ಉತ್ತರ 3

ಮೇಲಿನವರು ಹೇಳಿದ ಗಡುವುಗಳನ್ನು ಬಿಡಿಸಿ ಹೇಳುತ್ತೇನೆ. ಇವು ಡಾಟ್ ಕಾಮ್‌ಗೆ ಸಂಬಂಧಿಸಿದವು. ದೇಶಗಳ ಹೆಸರಿನ ಡೊಮೈನ್‌ಗಳಿಗೆ ಅವುಗಳದೇ ನಿಯಮಗಳಿರುತ್ತವೆ. ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳ ಮೊದಲು ಮತ್ತು ಒಂದು ವಾರದ ಮೊದಲು ನೋಂದಣಿ ಕಂಪನಿ ಎಚ್ಚರಿಕೆ ಕಳುಹಿಸಲೇಬೇಕು. ಮುಗಿದ ಮೇಲೆ ಕೆಲವು ದಿನ ಮಾಮೂಲಿ ಶುಲ್ಕದಲ್ಲಿ ನವೀಕರಿಸಲು ಹೆಚ್ಚಿನ ಕಂಪನಿಗಳು ಬಿಡುತ್ತವೆ, ಎಷ್ಟು ದಿನ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಂಪನಿಗಳು ಈ ಹಂತದಲ್ಲೇ ಹೆಸರನ್ನು ಹರಾಜಿಗೆ ಇಡುತ್ತವೆ. ಆಗಲೂ ನವೀಕರಿಸದೆ ಕಂಪನಿ ಅಳಿಸಿದ ಹೆಸರಿಗೆ 30 ದಿನ ಮರುಪಡೆಯುವ ಅವಕಾಶ, ಅದಕ್ಕೆ ಭಾರಿ ಶುಲ್ಕ. ಆಮೇಲೆ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಯಾರು ಮೊದಲು ಬಂದರೋ ಅವರದು. ಒಟ್ಟಿಗೆ 10 ವರ್ಷದವರೆಗೆ ನೋಂದಾಯಿಸಬಹುದು, ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲ. 'ಕೊಂಡೆ' ಎನ್ನುತ್ತೇವೆ, ಆದರೆ ಡೊಮೈನ್ ಎಂದಿಗೂ ಗುತ್ತಿಗೆಯೇ.

ಡಾಟ್ ಶಾಪ್ ಕೆಟ್ಟದ್ದೇನಲ್ಲ. ಆದರೆ ಮೊದಲ ವರ್ಷದ ಶುಲ್ಕವನ್ನು ನೋಡಬೇಡಿ, ಎರಡನೆಯ ವರ್ಷದ ನವೀಕರಣ ಶುಲ್ಕವನ್ನು ನೋಡಿ. ಡಾಟ್ ಶಾಪ್‌ನಂಥ ಹಲವು ಹೊಸ ಬಾಲಗಳಲ್ಲಿ (ಹೆಸರಿನ ಕೊನೆಯ ಭಾಗಗಳಲ್ಲಿ) ಅದು ಹಲವು ಪಟ್ಟು ಹೆಚ್ಚಿರುತ್ತದೆ.

ಚೀಟಿ, ಫಲಕ ಅಚ್ಚು ಹಾಕಿಸುವ ಮೊದಲು ಅದೇ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಇದೆಯೇ ಎಂದು ಹುಡುಕಿ. ಡೊಮೈನ್ ಸಿಕ್ಕಿತು ಎಂದ ಮಾತ್ರಕ್ಕೆ ಹೆಸರಿನ ಹಕ್ಕು ಸಿಕ್ಕಿತು ಎಂದಲ್ಲ. ಬೇರೆಯವರ ಟ್ರೇಡ್‌ಮಾರ್ಕನ್ನು ದುರುದ್ದೇಶದಿಂದ ನೋಂದಾಯಿಸಿದವರಿಂದ ಹೆಸರನ್ನು ಕಿತ್ತುಕೊಳ್ಳುವ ವ್ಯವಸ್ಥೆಯನ್ನು ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲೇ ತಂದಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಫೋನ್ ಪರೀಕ್ಷೆ ಮಾಡಿದೆ. 'ಗಡಿಯಾರ ದುರಸ್ತಿ'ಯನ್ನು ಚಿಕ್ಕಮ್ಮ, ಅಣ್ಣನ ಮಗ, ಒಬ್ಬ ಹಳೆಯ ಗ್ರಾಹಕರು ಬರೆದು ಕಳುಹಿಸಿದರು. ಮೂವರದೂ ಮೂರು ಬಗೆ. 'ಲೋಲಕ ಕ್ಲಾಕ್ಸ್' ಎಂದಾಗ ಇಬ್ಬರದು ಒಂದೇ ಬಂತು, ಚಿಕ್ಕಮ್ಮ ಮಾತ್ರ 'ಕ'ದ ಮುಂದಿನ 'ಎ' ಬಿಟ್ಟಿದ್ದರು. ಹಾಗಾಗಿ ಹೈಫನ್ ಇಲ್ಲದ ಆ ಹೆಸರನ್ನೇ ಡಾಟ್ ಕಾಮ್‌ನಲ್ಲಿ ನನ್ನ ಖಾತೆಯಿಂದ ಐದು ವರ್ಷಕ್ಕೆ ತೆಗೆದುಕೊಂಡೆ. ಚಿಕ್ಕಮ್ಮ ಬರೆದದ್ದನ್ನೂ ತೆಗೆದುಕೊಂಡು ಇದಕ್ಕೇ ತಿರುಗಿಸಿದ್ದೇನೆ. ಹುಡುಗ ಬೇಸರ ಮಾಡಿಕೊಳ್ಳಲಿಲ್ಲ, ನೇಮ್‌ಸರ್ವರ್ ಕಳುಹಿಸಿದ.

ಬೈಂಡಿಂಗ್‌ನವರ ಚೀಟಿಯ ಮಾತನ್ನು ತಂದೆಗೆ ಓದಿ ಹೇಳಿದೆ. ಅವರು ದುರಸ್ತಿ ಮಾಡಿದ ಪ್ರತಿ ಗಡಿಯಾರದ ಪೆಟ್ಟಿಗೆಯೊಳಗೆ, ಲೋಲಕದ ಹಿಂದಿನ ಹಲಗೆಯ ಮೇಲೆ, ಪೆನ್ಸಿಲ್‌ನಿಂದ ದಿನಾಂಕ ಬರೆಯುತ್ತಾರೆ. ಇಪ್ಪತ್ತು ವರ್ಷದ ಬಳಿಕ ಅದೇ ಗಡಿಯಾರ ಮರಳಿ ಬಂದದ್ದಿದೆ. ಇನ್ನು ಮುಂದೆ ದಿನಾಂಕದ ಕೆಳಗೆ ಡೊಮೈನನ್ನೂ ಬರೆಯುತ್ತಾರಂತೆ.

ಒಂದು ಸಂದೇಹ: ಕನ್ನಡ ಲಿಪಿಯಲ್ಲೇ ಹೆಸರು ತೆಗೆದುಕೊಳ್ಳಬಹುದೇ?

ಉತ್ತರ 3ರವರು

ಎಲ್ಲ ಬಾಲಗಳಲ್ಲೂ ಇಲ್ಲ, ಕೆಲವುಗಳಲ್ಲಿ ಆಗುತ್ತದೆ. ಒಳಗೆ ಅದು 'ಎಕ್ಸ್ ಎನ್' ಮತ್ತು ಎರಡು ಹೈಫನ್‌ಗಳಿಂದ ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಉಳಿಯುತ್ತದೆ, ಬ್ರೌಸರ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಇಮೇಲ್‌ಗೆ ಇನ್ನೂ ಎಲ್ಲ ಕಡೆ ಒಗ್ಗುವುದಿಲ್ಲ. ಎರಡನೆಯ ಹೆಸರಾಗಿ ಇರಲಿ, ಖಂಡಿತ ತೆಗೆದುಕೊಳ್ಳಿ.

ಉತ್ತರ 2ರವರು

ತುಂಬಾ ಸಂತೋಷ. ಪೆನ್ಸಿಲ್ ಹಿಡಿಯುವ ಮುನ್ನ ಇನ್ನೊಂದು ಕೆಲಸವಿದೆ. ನೋಂದಣಿ ಕಂಪನಿಯಿಂದ ಇಮೇಲ್ ದೃಢಪಡಿಸುವ ಪತ್ರ ಬಂದಿರುತ್ತದೆ. 15 ದಿನದೊಳಗೆ ಆ ಕೊಂಡಿಯನ್ನು ಒತ್ತದಿದ್ದರೆ ಹೆಸರನ್ನು ತಡೆಹಿಡಿಯುತ್ತಾರೆ. ಬೇಡದ ಪತ್ರಗಳ ಕಡತದಲ್ಲೂ ಹುಡುಕಿ. ಎರಡು ಹೆಸರು ತೆಗೆದುಕೊಂಡಿದ್ದೀರಿ, ಎರಡಕ್ಕೂ ನೋಡಿ.