ಮಳೆಗಾಲದ ಕೆಮ್ಮು: ಮಕ್ಕಳ ಡಾಕ್ಟರನ್ನು ಕೇಳಿ (ಗುಂಪಿನ ಸಂದೇಶಗಳು)

ಸಿದ್ದಾಪುರದ ತಾಯಿ: ಡಾಕ್ಟರೇ, ಹತ್ತು ತಿಂಗಳ ಮಗನಿಗೆ ನಾಲ್ಕು ದಿನದಿಂದ ಕೆಮ್ಮು, ಜ್ವರ. ಉಸಿರು ಬಿರುಸಾಗಿದೆ. ಅವನ ಅಕ್ಕನಿಗೆ ತಂದ ಅಜಿತ್ರೋಮೈಸಿನ್ ಸಿರಪ್ ಅರ್ಧ ಬಾಟಲಿ ಉಳಿದಿದೆ, ಹಾಕಲೇ?

ಡಾಕ್ಟರ್: ಬೇಡ. ಅಂಗಿ ಮೇಲೆತ್ತಿ, ಮಗು ಅಳದೆ ಇರುವಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ ನೋಡಿ.

ಸಿದ್ದಾಪುರದ ತಾಯಿ: 58. ಗುಳಿ ಬೀಳುತ್ತಿದೆ. ಹಾಲು ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತಾನೆ.

ಡಾಕ್ಟರ್: ಈಗಲೇ ಆಸ್ಪತ್ರೆಗೆ ಹೊರಡಿ. ಜೀಪು ಕರೆಯಿರಿ, ಸಿಗದಿದ್ದರೆ 108. ಉಳಿದದ್ದನ್ನು ದಾರಿಯಲ್ಲಿ ಓದಿ. ಎರಡು ತಿಂಗಳು ದಾಟಿ ವರ್ಷ ತುಂಬದ ಮಗುವಿಗೆ ನಿಮಿಷಕ್ಕೆ 50 ಉಸಿರು ಮುಟ್ಟಿದರೆ ನ್ಯುಮೋನಿಯಾ ಎಂದೇ ಅನುಮಾನಿಸುತ್ತೇವೆ. ಒಂದರಿಂದ ಐದು ವರ್ಷದವರಿಗೆ 40. ಇದು ವೈರಸ್ಸಿನದೂ ಇರಬಹುದು. ಬ್ಯಾಕ್ಟೀರಿಯಾಗಳಲ್ಲಿ ಈ ವಯಸ್ಸಿನ ಮುಖ್ಯ ಶತ್ರು ನ್ಯುಮೋಕಾಕಸ್, ಆಮೇಲೆ ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ). ನಮ್ಮ ದೇಶದ ನ್ಯುಮೋಕಾಕಸ್ ಅಜಿತ್ರೋಮೈಸಿನ್‌ಗೆ ಅನೇಕ ಸಲ ಬಗ್ಗುವುದೇ ಇಲ್ಲ. ಉಸಿರು ಬಿರುಸಾಗಿದ್ದರೂ ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಪರೀಕ್ಷಿಸಿದ ಮೇಲೆ ಬಾಯಿಗೆ ಅಮಾಕ್ಸಿಸಿಲಿನ್ ಸಾಕಾಗುತ್ತದೆ. ಹಾಲು ಬಿಟ್ಟ ಮಗುವಿಗೆ ಆಂಪಿಸಿಲಿನ್, ಜೆಂಟಾಮೈಸಿನ್ ಸೂಜಿ ಬೇಕು, ಆಮ್ಲಜನಕವೂ ಬೇಕಾಗಬಹುದು. ಎದೆಯಲ್ಲಿ ಕೀವು ತುಂಬಿಸುವ ಸ್ಟ್ಯಾಫಿಲೊಕಾಕಸ್ ಆಗಿದ್ದರೆ ಮದ್ದೇ ಬೇರೆ.

ಸೋಮವಾರಪೇಟೆ ಸದಸ್ಯರು: ಅಮಾಕ್ಸಿಸಿಲಿನ್ ಎಷ್ಟು ಎಂಎಲ್ ಸರ್?

ಡಾಕ್ಟರ್: ತೂಕ ನೋಡದೆ ಹೇಳುವುದಿಲ್ಲ.

ವಿರಾಜಪೇಟೆ ಸದಸ್ಯರು: ನನಗೆ ಬಂದ ಸಂದೇಶ: ಕರ್ಪೂರ ಕರಗಿಸಿದ ಎಣ್ಣೆ ಎದೆಗೆ ತಿಕ್ಕಿ, ಒಂದು ಹನಿ ನಾಲಿಗೆಗೆ. ಒಂದೇ ರಾತ್ರಿಯಲ್ಲಿ ಕಫ ಮಾಯ!

ಡಾಕ್ಟರ್: ಕರ್ಪೂರ ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರಬಹುದು. ಅಳಿಸಿ. ಇಂಥದ್ದನ್ನು ಕಳುಹಿಸುವ ಮೊದಲು ಸ್ವತಃ ನೆಕ್ಕಿ ನೋಡುತ್ತೀರಾ?

ಪೊನ್ನಂಪೇಟೆ ಸದಸ್ಯರು: ಹಳಬರನ್ನು ಹೀಗಳೆಯಬೇಡಿ. ನಮ್ಮಜ್ಜಿ ಎದೆಗೆ ಬ್ರಾಂದಿ ಹಚ್ಚಿಯೇ ಐದು ಮಕ್ಕಳನ್ನು ಸಾಕಿದರು.

ಕುಶಾಲನಗರ ಸದಸ್ಯರು: ಎಷ್ಟು ಹೆತ್ತಿದ್ದರು ಎಂಬುದನ್ನೂ ಹೇಳಿ.

ಪೊನ್ನಂಪೇಟೆ ಸದಸ್ಯರು: ಮನೆಯ ಹಿರಿಯರ ವಿಷಯಕ್ಕೆ ಬರಬೇಡಿ!

ನಾಪೋಕ್ಲು ಸದಸ್ಯರು: ಒಲೆಯ ಮೇಲೆ ಬಟ್ಟೆ ಒಣಗಿಸುತ್ತೇವೆ. ಆ ಹೊಗೆಯಿಂದಲೂ ಬರುತ್ತದೆಯೇ?

ಮಡಿಕೇರಿ ಸದಸ್ಯರು: ಲಸಿಕೆ ಇದೆಯೇ?

ಡಾಕ್ಟರ್: ನ್ಯುಮೋಕಾಕಸ್‌ಗೆ ಪಿಸಿವಿ ಎಂಬ ಲಸಿಕೆ. ಒಂದೂವರೆ, ಮೂರೂವರೆ, ಒಂಬತ್ತನೆಯ ತಿಂಗಳು. ಸರ್ಕಾರದಲ್ಲಿ ಉಚಿತ.

ಸೋಮವಾರಪೇಟೆ ಸದಸ್ಯರು: ಅಂದಾಜಾಗಿ ಎಷ್ಟು ಎಂಎಲ್?

ಡಾಕ್ಟರ್: ಮೇಲೆ ಓದಿ.

ಪೊನ್ನಂಪೇಟೆ ಸದಸ್ಯರು: ಕುಶಾಲನಗರದವರು ಕ್ಷಮೆ ಕೇಳಬೇಕು.

ಡಾಕ್ಟರ್: ಬ್ರಾಂದಿ ಜಗಳ ಬೇರೆಲ್ಲಾದರೂ ಆಡಿಕೊಳ್ಳಿ. ಸಿದ್ದಾಪುರದ ತಾಯಿ ಹೊರಟರೇ?

ಸಿದ್ದಾಪುರದ ತಾಯಿ: ಜೀಪಿನಲ್ಲಿದ್ದೇವೆ. ನಿಜ ಹೇಳುತ್ತೇನೆ, ನಿನ್ನೆ ರಾತ್ರಿಯೇ ಆ ಸಿರಪ್ ಒಂದು ಚಮಚ ಹಾಕಿಬಿಟ್ಟಿದ್ದೆ.

ಡಾಕ್ಟರ್: ಬೈಯುವುದಿಲ್ಲ ತಾಯಿ. ಅಲ್ಲಿ ಇದನ್ನೇ ಮೊದಲು ಹೇಳಿ. ಬಾಟಲಿ ತಂದಿದ್ದೀರಾ?